ಮೂರನೇ ಗೇರಿನ ಮೇಲಿನ ಕೈ

ಗುರುವಾರ ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ, ಗೊಳಸಂಗಿ ರಸ್ತೆಯ ಹಳ್ಳದ ಇಳಿಜಾರಿನಲ್ಲಿ, ಖಲೀಲನ ಜೀಪಿನ ಮೂರನೇ ಗೇರ್ ತಾನಾಗಿಯೇ ಕಳಚಿಕೊಂಡಿತು.

ಜೀಪಿನಲ್ಲಿ ಆರು ಜನ ಶಿಕ್ಷಕಿಯರಿದ್ದರು. ಬಸವನ ಬಾಗೇವಾಡಿಯಿಂದ ದಿನವೂ ಗೊಳಸಂಗಿಯ ಶಾಲೆಗೆ ಅವರನ್ನು ಕರೆದೊಯ್ದು ತರುವುದು ಖಲೀಲನ ಕೆಲಸ. ಎಂಜಿನ್ನಿನ ಹಿಡಿತ ತಪ್ಪಿದ ಗಾಡಿ ಇಳಿಜಾರಿನಲ್ಲಿ ಒಮ್ಮೆಲೇ ವೇಗ ಪಡೆಯಿತು. ಖಲೀಲ ಬ್ರೇಕ್ ಒತ್ತಿದ. ಗಾಡಿ ಎಡಕ್ಕೆ ಜಾರಿ, ಮುಂದಿನ ಬಂಪರ್ ಸೇತುವೆಯ ಮೋಟು ಗೋಡೆಗೆ ತಾಗಿ ನಿಂತಿತು. ಯಾರಿಗೂ ಗಾಯವಾಗಲಿಲ್ಲ. ಒಬ್ಬರ ಊಟದ ಡಬ್ಬಿ ಹೊರಗೆ ಹಾರಿ ಹಳ್ಳಕ್ಕೆ ಬಿತ್ತು. ಅದು ಬಂಡೆಗೆ ಬಡಿದ ಸದ್ದು ಎಲ್ಲರಿಗೂ ಕೇಳಿಸಿತು.

ಅದು 2001ರ ನವೆಂಬರ್. ಜೀಪು ಕೊಂಡು ವರ್ಷ ತುಂಬಿರಲಿಲ್ಲ. ಗೇರ್ ಕಳಚಿದ್ದು ಮೊದಲ ಸಲವೂ ಆಗಿರಲಿಲ್ಲ. ಖಲೀಲ ಈ ಮೊದಲೇ ಎರಡು ಬಾರಿ ಗಾಡಿಯನ್ನು ವಿಜಾಪುರದ ಶೋರೂಮಿಗೆ ಒಯ್ದಿದ್ದ. ಮೊದಲ ಸಲ ಅವರು ಗೇರ್ ಬಾಕ್ಸ್ ಬಿಚ್ಚಿ, ಎಣ್ಣೆ ಬದಲಿಸಿ, ಸರಿಯಾಯಿತು ಎಂದರು. ವಾರದೊಳಗೆ ಮತ್ತೆ ಕಳಚಿತು. ಎರಡನೇ ಸಲ ಬಿಚ್ಚಲೂ ಇಲ್ಲ. ಶೋರೂಮಿನ ಮುಂದಿನ ಸಪಾಟು ರಸ್ತೆಯಲ್ಲಿ ಒಂದು ಸುತ್ತು ಹೊಡೆದು, ಗಾಡಿಯಲ್ಲಿ ದೋಷವಿಲ್ಲ, ಓಡಿಸುವವನು ಓಡಿಸುವುದನ್ನು ಕಲಿಯಬೇಕು ಎಂದರು. ಆ ಸಲ, ಪಿಂಚಣಿ ಕೆಲಸಕ್ಕೆಂದು ವಿಜಾಪುರಕ್ಕೆ ಹೋಗಿದ್ದ ತಂದೆ ಮುರ್ತುಜಾಸಾಬರು ಖಲೀಲ ಅಲ್ಲಿ ಬಿಟ್ಟು ಬಂದಿದ್ದ ಜೀಪನ್ನು ಒಬ್ಬರೇ ಓಡಿಸಿಕೊಂಡು ಮನೆಗೆ ತಂದರು. ಅವರು ಸರ್ಕಾರಿ ಬಸ್ಸು ಓಡಿಸಿ ನಿವೃತ್ತರಾದವರು. ದಾರಿಯಲ್ಲಿ ಒಮ್ಮೆಯೂ ಗೇರ್ ಕಳಚಲಿಲ್ಲ.

ಗುರುವಾರ ಸಂಜೆ ಸುನಂದಾ ಟೀಚರ್ ಖಲೀಲನ ಮನೆಗೇ ಬಂದರು. ಜೀಪಿನಲ್ಲಿ ಮುಂದಿನ ಸೀಟು ಅವರದು. ಆರು ಜನರ ಪರವಾಗಿ ಮಾತಾಡುವವರೂ ಅವರೇ.

“ಮುರ್ತುಜಾಸಾಬ್ರ, ಸಿಟ್ಟಿಲೆ ಹೇಳಾಕತ್ತಿಲ್ರಿ. ನಮಗೂ ಮನಿ ಮಕ್ಕಳು ಅದಾವು. ಸೋಮವಾರದಿಂದ ಡ್ರೈವರ್ ಬದಲಾಗಬೇಕು. ಇಲ್ಲಾಂದ್ರ ನಾವು ಬ್ಯಾರೆ ಗಾಡಿ ನೋಡ್ಕೋತೇವಿ.”

“ಗೇರು ತಾನಽ ಬಿಡತೈತ್ರಿ ಅಕ್ಕೋರ,” ಎಂದ ಖಲೀಲ.

“ತಾನಽ ಬಿಡತೈತೋ, ನೀ ಬಿಡಸ್ತೀಯೋ? ಎರಡೂ ಕೈಲೆ ಸ್ಟೇರಿಂಗ್ ಮ್ಯಾಲ ಡೋಲಕ್ ಬಾರಿಸೋದು, ಹಾಡ ಗುನಗೋದು. ದಿನಾ ನೋಡ್ತೇನಲ್ಲ.”

ಚಹಾ ತಂದ ತಾಯಿ ಬಾನುಬಿ ಮಗನ ಕಡೆ ನಿಂತರು. “ಅದು ಸಣ್ಣಂದಿನ ಚಟಾರಿ. ಉಣ್ಣಾಕ ಕುಂತ್ರ ತಾಟೂ ಬಾರಿಸ್ತಾನ.”

ಮುರ್ತುಜಾಸಾಬರು ಚಹಾದ ಬಸಿಯನ್ನು ಕೆಳಗಿಟ್ಟರು.

“ಅದಽ ಗಾಡಿ, ಹಂತಾದಽ ಹಳ್ಳದ ರಸ್ತಾ. ನಾ ತಂದೇನಿ ವಿಜಾಪುರದಿಂದ. ಒಂದ ಸಲಾನೂ ಬಿಡಲಿಲ್ಲ. ಶೋರೂಮಿನ್ಯಾವ್ರೂ ಅದನ್ನಽ ಹೇಳ್ಯಾರ.”

“ಅಬ್ಬಾ, ನಿಮ್ಮ ಆಣಿ…”

“ಆಣಿ ಮಾಡಬ್ಯಾಡ. ಶನಿವಾರ ಸಾಲಿ ಬಿಟ್ಟ ಮ್ಯಾಲ ವಿಜಾಪುರಕ್ಕ ಹೋಗೂಣು. ಅಕ್ಕೋರ, ನೀವೂ ಬರ್ರಿ, ಕಣ್ಣಾರೆ ನೋಡ್ರಿ. ದೋಷ ಗಾಡ್ಯಾಗ ಐತಿ ಅಂತ ಗೊತ್ತಾದ್ರ ಮಾತು ಬ್ಯಾರೆ. ಇಲ್ಲಾಂದ್ರ ಸೋಮವಾರದಿಂದ ಚಾವಿ ಕಾಳಪ್ಪನ ಕೈಗೆ.”

ಕಾಳಪ್ಪ ಎರಡು ಓಣಿ ಆಚೆ ಇದ್ದ ಚಾಲಕ, ಕಾಯಂ ಕೆಲಸ ಹುಡುಕುತ್ತಿದ್ದ. ಜೀಪಿನ ಚಾವಿ ಮುರ್ತುಜಾಸಾಬರ ಅಂಗಿಯ ಜೇಬಿಗೆ ಹೋಯಿತು. ಖಲೀಲನಿಗೆ ಗೊತ್ತಿದ್ದ ಕೆಲಸ ಇದೊಂದೇ. ಸ್ವಂತ ತಂದೆಯೇ ಗಾಡಿಯಿಂದ ಇಳಿಸಿದ ಚಾಲಕನಿಗೆ ಬಾಗೇವಾಡಿಯಲ್ಲಿ ಬೇರೆ ಯಾರೂ ಗಾಡಿ ಕೊಡುವುದಿಲ್ಲ ಎಂಬುದೂ ಗೊತ್ತಿತ್ತು. ರಾತ್ರಿ ಊಟದಲ್ಲಿ ಅವನು ತಾಟು ಬಾರಿಸಲಿಲ್ಲ.

ಅವೆರಡು ದಿನ ಶಿಕ್ಷಕಿಯರು ಬಸ್ಸಿನಲ್ಲಿ ಶಾಲೆಗೆ ಹೋಗಿಬಂದರು. ಶನಿವಾರ ಮಧ್ಯಾಹ್ನ ಮೂವರೂ ಹೊರಟರು. ಮುರ್ತುಜಾಸಾಬರು ಸ್ಟೇರಿಂಗ್ ಹಿಡಿದರು. ಸುನಂದಾ ಎಂದಿನಂತೆ ಮುಂದೆ ಕುಳಿತರು. ಖಲೀಲ ಹಿಂದಿನ ಅಡ್ಡ ಸೀಟಿನಲ್ಲಿ. ಮನಗೂಳಿ ದಾಟಿದ ಮೇಲೆ ಒಂದು ಹಳ್ಳ ಸಿಗುತ್ತದೆ. ರಸ್ತೆ ಎರಡೂ ಕಡೆಯಿಂದ ಅದಕ್ಕೆ ಇಳಿಯುತ್ತದೆ. ಮೂರನೇ ಗೇರಿನಲ್ಲಿಯೇ ಗಾಡಿ ಇಳಿಯಿತು. ಖಲೀಲ ಮುಂದಿನ ಸೀಟಿನ ಕಂಬಿಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದ. ಏನೂ ಆಗಲಿಲ್ಲ.

“ನೋಡಿದ್ರ್ಯಾ ಅಕ್ಕೋರ?” ಎಂದರು ಮುರ್ತುಜಾಸಾಬರು.

“ನೋಡಿದ್ನಿ,” ಎಂದರು ಸುನಂದಾ, ಹಿಂತಿರುಗದೆ.

ಶೋರೂಮಿನ ಸರ್ವಿಸ್ ಮ್ಯಾನೇಜರ್ ಬಾಬುಲಾಲ ಈ ಜೀಪನ್ನು ಗೇಟಿನಲ್ಲೇ ಗುರುತು ಹಿಡಿದ. “ಮತ್ತ ಬಂತೇನು ನಮ್ಮ ಸಂಬಂಧಿಕರ ಗಾಡಿ?” ಎಂದ. ಖಲೀಲ ಗುರುವಾರ ನಡೆದದ್ದನ್ನು ಹೇಳಿದ. ಬಾಬುಲಾಲ ಅರ್ಧ ಕೇಳಿ, ತಾನೇ ಹತ್ತಿ, ಅದೇ ಸಪಾಟು ರಸ್ತೆಯಲ್ಲಿ ಒಂದು ಸುತ್ತು ಹೊಡೆದು ಬಂದ.

“ಬೆಣ್ಣಿ ಇದ್ದಂಗ ಐತಿ.”

“ಇಳಕಲದಾಗ ಬಿಡತೈತ್ರಿ,” ಎಂದ ಖಲೀಲ. “ಆಕ್ಸಿಲರೇಟರಿನಿಂದ ಕಾಲು ತಗದಾಗ. ಇಲ್ಲಿ ಇಳಕಲಾನಽ ಇಲ್ಲ. ಮನಗೂಳಿ ಹಾದಿ ಹಳ್ಳದ ತನಕ ಬರ್ರಿ, ತೋರಸ್ತೇನಿ.”

“ಎಲ್ಲಾರ ಹಿಂದ ಹಳ್ಳ ಕೊಳ್ಳ ತಿರಗಾಕ ನನಗ ಟೈಮ್ ಎಲ್ಲೈತೋ ತಮ್ಮಾ?” ಬಾಬುಲಾಲ ಮುರ್ತುಜಾಸಾಬರತ್ತ ತಿರುಗಿದ. “ಹಿರ್ಯಾರು, ನೀವು ಬಸ್ ಓಡಿಸಿದವ್ರು. ಇವತ್ತ ತಂದವ್ರು ನೀವಽ ಅಲ್ರ್ಯಾ? ಖರೇ ಹೇಳ್ರಿ, ಗೇರು ಬಿಡ್ತೇನು?”

ಮುರ್ತುಜಾಸಾಬರು ಮಗನ ಮುಖ ನೋಡಲಿಲ್ಲ.

“ಇಲ್ಲ,” ಎಂದರು.

“ಮುಗೀತಲ್ಲ. ಗಾಡಿ ಬರೋಬ್ಬರಿ ಐತಿ. ಹುಡುಗನ ಕೈ ಬರೋಬ್ಬರಿ ಇಲ್ಲ.”

ಖಲೀಲ ಅಂಗಳ ದಾಟಿ ಹೋಗಿ ಜೀಪಿನ ಪಕ್ಕ ನಿಂತ.

ವಾಪಸು ಬರುವಾಗ ಸುನಂದಾ ಅಂಗಡಿಯೊಂದರಲ್ಲಿ ಶಾಲೆಗೆ ಭೂಪಟಗಳನ್ನು ಕೊಂಡರು. ಉದ್ದನೆಯ ಸುರುಳಿ ಮುಂದಿನ ಸೀಟಿನಲ್ಲಿ ಹಿಡಿಸಲಿಲ್ಲ. ಅವರು ಅದನ್ನು ಹಿಡಿದು ಹಿಂದೆ ಕುಳಿತರು. ಖಲೀಲ ಮುಂದೆ ಬಂದ. ಈ ಜೀಪಿನಲ್ಲಿ ತಂದೆಯ ಪಕ್ಕ ಅವನು ಕುಳಿತದ್ದು ಅದೇ ಮೊದಲು.

ಊರು ದಾಟಿತು. “ಕಾಳಪ್ಪಗ ನಾಳೆ ಹೇಳಿ ಕಳಸ್ತೇನಿ,” ಎಂದರು ಮುರ್ತುಜಾಸಾಬರು. ಖಲೀಲ ರಸ್ತೆ ನೋಡುತ್ತಿದ್ದ. ಆಮೇಲೆ ತಂದೆಯ ಕೈ ನೋಡಿದ. ಬಲಗೈ ಸ್ಟೇರಿಂಗ್ ಮೇಲಿತ್ತು. ಎಡಗೈ ಗೇರಿನ ಗುಂಡಿನ ಮೇಲೆ. ಗೇರ್ ಬದಲಿಸಿಯಾಗಿತ್ತು. ಆದರೂ ಕೈ ಅಲ್ಲಿಂದ ಏಳಲಿಲ್ಲ. ರಸ್ತೆ ಸ್ವಲ್ಪ ಇಳಿದಾಗಲೆಲ್ಲ ಮುಂಗೈಯ ನರ ಬಿಗಿಯುತ್ತಿತ್ತು. ಏರು ಬಂದಾಗ ಸಡಿಲವಾಗುತ್ತಿತ್ತು.

“ಅಬ್ಬಾ, ಆ ಕೈ ತಗೀರಿ.”

“ಯಾವ ಕೈ?”

“ಗೇರಿನ ಮ್ಯಾಲಿಂದು.”

“ಗೇರಿನ ಮ್ಯಾಲೆ ನಾ ಎಲ್ಲಿ ಇಟ್ಟೇನಿ…” ಮುರ್ತುಜಾಸಾಬರು ಕೆಳಗೆ ನೋಡಿದರು. ಕೈ ಅಲ್ಲಿತ್ತು.

ಹಳೆಯ ಬಸ್ಸುಗಳಲ್ಲಿ ಇಳಿಜಾರು ಬಂದಾಗ ಗೇರ್ ಜಾರದಂತೆ ಎಡಗೈಯಿಂದ ಒತ್ತಿ ಹಿಡಿಯುವುದು ಚಾಲಕರ ರೂಢಿ. ಹೊಸಬರಿಗೆ ಅದನ್ನು ಯಾರೂ ಹೇಳಿಕೊಡುತ್ತಿರಲಿಲ್ಲ. ಕೈ ತಾನೇ ಕಲಿಯುತ್ತಿತ್ತು, ಕಲಿತದ್ದು ಚಾಲಕನಿಗೆ ಗೊತ್ತೂ ಆಗುತ್ತಿರಲಿಲ್ಲ.

“ಹೋಗೂವಾಗ್ಲೂ ಅಲ್ಲೇ ಇತ್ರಿ,” ಎಂದರು ಹಿಂದಿನಿಂದ ಸುನಂದಾ. “ದೊಡ್ಡ ಗಾಡಿ ಓಡಿಸಿದವ್ರು ಹಂಗಽ ಓಡಿಸ್ತಾರ ಅನಕೊಂಡಿದ್ನಿ.”

“ಕೈ ಇಟ್ರೇನಾತು?” ಮುರ್ತುಜಾಸಾಬರ ದನಿ ಏರಿತು. “ಇನ್ನ ನೀ ನನಗ ಗಾಡಿ ಕಲಸ್ತೀ?”

“ಹಳ್ಳ ಬಂತು ಅಬ್ಬಾ. ಎರಡೂ ಕೈ ಸ್ಟೇರಿಂಗ್ ಮ್ಯಾಲ ಇಡ್ರಿ. ಇದೊಂದಽ ಸಲ. ಬಿಡಲಿಲ್ಲಂದ್ರ ಚಾವಿ ನಾನಽ ಒಯ್ದು ಕಾಳಪ್ಪಗ ಕೊಡ್ತೇನಿ.”

ಮುರ್ತುಜಾಸಾಬರು ಎಡಗೈ ಎತ್ತಿ ಸ್ಟೇರಿಂಗಿಗೆ ಹಾಕಿದರು. ಮೂರನೇ ಗೇರಿನಲ್ಲಿ ಇಳಿಜಾರು ಹಿಡಿದರು. ಕೆಳಗೆ ಸೇತುವೆಯ ಮೇಲೆ ಕಬ್ಬಿನ ಟ್ರ್ಯಾಕ್ಟರೊಂದು ನಿಧಾನವಾಗಿ ಹೋಗುತ್ತಿತ್ತು. ಅವರು ಆಕ್ಸಿಲರೇಟರಿನಿಂದ ಕಾಲು ತೆಗೆದರು.

ಕಟ್ ಎಂದು ಸದ್ದಾಯಿತು. ಗೇರಿನ ಕೋಲು ಹಿಂದಕ್ಕೆ ಜಿಗಿದು ನಡುವೆ ನಿಂತಿತು. ಎಂಜಿನ್ನಿನ ಗುಡುಗು ನಿಂತುಹೋಗಿ ಗಾಳಿಯ ಸದ್ದು ಮಾತ್ರ ಉಳಿಯಿತು. ಗಾಡಿ ಓಡತೊಡಗಿತು. ಮುರ್ತುಜಾಸಾಬರು ಮೂರನೇ ಗೇರಿಗೆ ಮತ್ತೆ ಒತ್ತಿದರು. ಹಲ್ಲು ಹಲ್ಲಿಗೆ ತಿಕ್ಕಿದ ಸದ್ದು ಬಂತು, ಗೇರ್ ಬೀಳಲಿಲ್ಲ. ಟ್ರೈಲರಿನ ಹಿಂದೆ ಜೋತುಬಿದ್ದ ಕಬ್ಬಿನ ಗರಿಗಳು ಗಾಜಿನ ಎದುರಿಗೇ ಬಂದವು.

“ಬ್ರೇಕ್ ಅಬ್ಬಾ! ಗೇರು ಬಿಡ್ರಿ, ಬ್ರೇಕ್!”

ಅವರು ಎರಡೂ ಕೈಯಲ್ಲಿ ಸ್ಟೇರಿಂಗ್ ಹಿಡಿದು ಬ್ರೇಕ್ ಮೇಲೆ ನಿಂತರು. ಟ್ರೈಲರಿಗೂ ಜೀಪಿಗೂ ಒಂದು ಮಾರು ಉಳಿದಿತ್ತು. ಟ್ರ್ಯಾಕ್ಟರಿನವನಿಗೆ ಗೊತ್ತೇ ಆಗಲಿಲ್ಲ. ಅವನು ಹಾಗೆಯೇ ಏರು ಹತ್ತಿ ಹೋದ.

ಸುನಂದಾರ ಕೈಯಲ್ಲಿದ್ದ ಭೂಪಟದ ಸುರುಳಿ ನಡುವೆ ಮಡಚಿ ಹೋಗಿತ್ತು.

“ಗುರುವಾರ ಹಿಂಗಽ ಆತೇನು?” ಎಂದು ಕೇಳಿದರು ಮುರ್ತುಜಾಸಾಬರು.

“ಹಿಂಗಽ.”

ಅವರು ಸೇತುವೆ ದಾಟಿ, ಗಾಡಿ ತಿರುಗಿಸಿ, ಎರಡನೇ ಗೇರಿನಲ್ಲಿ ವಿಜಾಪುರದ ಕಡೆ ಹೊರಟರು.

ಬಾಬುಲಾಲ ಆಗ ಹೊಸ ಜೀಪೊಂದರ ಬಾಗಿಲು ತೆರೆದು, ಇಂಡಿ ತಾಲ್ಲೂಕಿನ ಗಿರಾಕಿಯೊಬ್ಬನಿಗೆ ಸೀಟು ತೋರಿಸುತ್ತಿದ್ದ. ಮುರ್ತುಜಾಸಾಬರು ಅವನ ಎದುರು ನಿಂತು, ಒಳಗಿದ್ದವರೆಲ್ಲ ಕೇಳುವಂತೆ ಹೇಳಿದರು: “ಆಗ ನಾ ಹೇಳಿದ್ದು ತಪ್ಪು. ಹುಡುಗನ ಕೈ ಬರೋಬ್ಬರಿ ಐತಿ. ಗೇರು ಬಿಡಲಾರದಂಗ ಹಿಡಕೊಂಡಿದ್ದು ನನ್ನ ಕೈ.”

ಬಾಬುಲಾಲನಿಗೆ ವಿಷಯ ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. “ಹಂಗಾರ ಕೆಡಿಸಿದವ್ರು ನೀವಽ. ಗೇರಿನ ಮ್ಯಾಲ ಕೈ ಇಟ್ಟ ಓಡಿಸಿದ್ರ ಒಳಗ ಗೇರ್ ಸರಸೋ ಫೋರ್ಕು ಸವಿತೈತಿ. ಅದಕ್ಕ ಕಂಪನಿ ಜವಾಬ್ದಾರಿ ಅಲ್ಲ.”

“ನಾ ಈ ಗಾಡಿ ಓಡಿಸಿದ್ದು ಇದು ಎರಡನೇ ಸಲ. ಗೇರು ಬಿಡಾಕತ್ತಿದ್ದು ಅದಕ್ಕೂ ಮೊದಲು.”

“ಮಗನೂ ಹಂಗಽ ಓಡಿಸಿದ್ರ? ಅಪ್ಪನ ಚಟ ಮಗಗ ಬರೂದಿಲ್ಲೇನು? ಅವನ ಕೈ ಎಲ್ಲಿತ್ತು ಅಂತ ಯಾರು ನೋಡ್ಯಾರ?”

“ನಾ ನೋಡೇನಿ,” ಎಂದರು ಸುನಂದಾ. “ದಿನಾ ಅವನ ಬಾಜೂಕಽ ಕೂಡಾಕಿ. ಎರಡೂ ಕೈಲೆ ಸ್ಟೇರಿಂಗ್ ಮ್ಯಾಲ ಡೋಲಕ್ ಬಾರಿಸ್ತಾನ. ಗೊಳಸಂಗಿ ತನಕ ಬಾರಿಸ್ತಾನ, ಅಲ್ಲಿಂದ ಬಾಗೇವಾಡಿ ತನಕ ಬಾರಿಸ್ತಾನ. ಆ ಕೈ ಗೇರಿನ ಮ್ಯಾಲ ಕುಂತದ್ದು ನಾ ಒಂದ ದಿನಾನೂ ನೋಡಿಲ್ಲ. ಇನ್ನೈದು ಮಂದಿನ್ನ ಕರಕೊಂಡ ಬರಲೇನು, ಕೇಳಾಕ?”

ಗಿರಾಕಿ ಹೊಸ ಜೀಪಿನ ಸೀಟಿನಿಂದ ಇಳಿದು ಹತ್ತಿರ ಬಂದು ನಿಂತ.

“ನಾಳೆ ನೋಡೂಣು,” ಎಂದ ಬಾಬುಲಾಲ. “ಈಗ ನನಗ ಟೈಮ್ ಇಲ್ಲ.”

“ಟೈಮ್ ನನ್ನ ಕಡೆ ಐತಿ. ರಿಟೈರ್ ಆಗೇನಿ.” ಮುರ್ತುಜಾಸಾಬರು ಹೊಸ ಜೀಪಿನ ಪಕ್ಕಕ್ಕೇ ಕುರ್ಚಿ ಎಳೆದುಕೊಂಡು ಕುಳಿತು ಗಿರಾಕಿಯನ್ನು ಕೇಳಿದರು: “ನಿಮ್ಮ ಊರ ಕಡೆ ಹಳ್ಳ ಅದಾವೇನ್ರಿ ಸಾಹೇಬ್ರ?”

“ಊರ ಮುಂದಽ ಒಂದೈತಿ,” ಎಂದ ಗಿರಾಕಿ.

ಬಾಬುಲಾಲ ಹೊಸ ಜೀಪಿನ ಬಾಗಿಲು ಮುಚ್ಚಿದ. “ನಡೀರಿ,” ಎಂದ.

ಮನಗೂಳಿ ಹಾದಿಯ ಹಳ್ಳಕ್ಕೆ ಅವನೇ ಓಡಿಸಿದ. ಖಲೀಲ ಪಕ್ಕದಲ್ಲಿ ಕುಳಿತು, ಇಳಿಜಾರು ಬರುವ ಮೊದಲು, ಎರಡೂ ಕೈ ಸ್ಟೇರಿಂಗ್ ಮೇಲಿಡಲು ಹೇಳಿದ. ಮೊದಲ ಸಲ ಗೇರ್ ಬಿಡಲಿಲ್ಲ. ಬಾಬುಲಾಲ ನಕ್ಕ. “ಇನ್ನೊಂದ ಸಲ,” ಎಂದರು ಹಿಂದಿನಿಂದ ಮುರ್ತುಜಾಸಾಬರು. ಗಾಡಿ ತಿರುಗಿಸಿ ಆಚೆ ಬದಿಯಿಂದ ಇಳಿದಾಗ ಕಟ್ ಎಂದಿತು. ಬಾಬುಲಾಲನ ಎಡಗೈ ತಾನಾಗಿಯೇ ಗೇರಿಗೆ ಹೋಯಿತು. ಗಾಡಿ ನಿಂತ ಮೇಲೆ ಅವನು ಬೆವರು ಒರೆಸಿಕೊಂಡು, “ಕಂಪನಿಗೆ ಹೇಳಬೇಕಾಗತೈತಿ,” ಎಂದ. ಅಷ್ಟು ಬಿಟ್ಟು ಬೇರೇನೂ ಹೇಳಲಿಲ್ಲ, ಖಲೀಲನಿಗಂತೂ ಏನೂ ಹೇಳಲಿಲ್ಲ.

ಜೀಪನ್ನು ಶೋರೂಮಿನಲ್ಲಿಯೇ ಬಿಟ್ಟು ಮೂವರೂ ಬಸ್ಸು ಹತ್ತಿದರು. ಮುರ್ತುಜಾಸಾಬರು ಚಾಲಕನ ಹಿಂದಿನ ಸೀಟಿನಲ್ಲಿ ಕುಳಿತು ಅವನ ಎಡಗೈಯನ್ನೇ ನೋಡುತ್ತಿದ್ದರು. ಹಳ್ಳ ದಾಟಿದ ಮೇಲೆ ಜೇಬಿಗೆ ಕೈ ಹಾಕಿದರು. ಚಾವಿ ಶೋರೂಮಿನಲ್ಲಿತ್ತು. ಮನೆಯಲ್ಲಿ ಇನ್ನೊಂದು ಚಾವಿ ಇರುವುದನ್ನು ಖಲೀಲನಿಗೆ ನೆನಪಿಸಿ, ಅದನ್ನು ಅವನೇ ಇಟ್ಟುಕೊಳ್ಳಲಿ ಎಂದರು.

ಕಂಪನಿ ಕಳಿಸಿದ ಹೊಸ ಗೇರ್ ಬಾಕ್ಸ್ ಡಿಸೆಂಬರ್ ಕೊನೆಗೆ ಬಂತು. ಅಲ್ಲಿಯವರೆಗೆ ಶಿಕ್ಷಕಿಯರು ಬಸ್ಸಿನಲ್ಲಿ ಗೊಳಸಂಗಿಗೆ ಹೋಗಿಬಂದರು. ಜನವರಿಯ ಮೊದಲ ಸೋಮವಾರ ಅವರನ್ನು ಕರೆದೊಯ್ದದ್ದು ಖಲೀಲ.