ಇಲ್ಲೇ ಐತ್ರೀ

೧

ಎಲ್ಲಿಂದ ಶುರು ಮಾಡಲಿ? ಕುಸ್ಕೋ ಬಗ್ಗೆ ಬರೆಯುವವರೆಲ್ಲ ದೊಡ್ಡ ಚೌಕದಿಂದ ಶುರು ಮಾಡುತ್ತಾರೆ. ನಾನೂ ಹಾಗೇ ಮಾಡಿದ್ದೆ: "ಸುತ್ತಲೂ ಬೆಟ್ಟ, ನಡುವೆ ಕೆಂಪು ಹೆಂಚಿನ ಊರು, ಇಗರ್ಜಿಯ ಗಂಟೆ ಮೊಳಗಿತು..." ಗಂಟೆ ಮೊಳಗಿದ್ದೇ ತಡ, ನನ್ನ ಕಥೆಯೊಳಗಿನ ಸೆನ್ಯೋರಾ ಎಲ್ವಿರಾ ವಾಕ್ಯದ ಮಧ್ಯದಲ್ಲೇ ನನ್ನನ್ನು ತಡೆದರು.

"ಇದೇನ್ರೀ ಇದು, ಪೋಸ್ಟ್‌ಕಾರ್ಡಾ? ನಾನು ಊರು ನೋಡೋಕೆ ಬಂದಿಲ್ಲ. ಹುಡುಗನ್ನ ನೋಡೋಕೆ ಬಂದಿದೀನಿ."

ಡಿಲೀಟ್.

೨

ಸರಿ, ಹುಡುಗನಿಂದಲೇ ಶುರು. ಹೆಸರು ವಿಲ್ಬರ್ ಯುಕ್ರಾ, ಕುಸ್ಕೋದವನೇ. ಬ್ಯಾಂಡಿನಲ್ಲಿ ಟ್ಯೂಬಾ ಊದುತ್ತಾನೆ. ಟ್ಯೂಬಾ ಅಂದರೆ ಹೆಗಲ ಮೇಲೆ ಹೊತ್ತು ಊದುವ ಆ ಭಾರೀ ಹಿತ್ತಾಳೆ ವಾದ್ಯ. ಈ ಊರಲ್ಲಿ ಮೆರವಣಿಗೆ ಇಲ್ಲದ ವಾರವಿಲ್ಲ, ಹಾಗಾಗಿ ಅವನಿಗೆ ಕೆಲಸಕ್ಕೆ ಬರವಿಲ್ಲ. ಫಿಯೊರೆಲಾ ಅವನನ್ನು ಮದುವೆಯಾಗಿ ಇಲ್ಲೇ ಇರುತ್ತೇನೆ ಅನ್ನುತ್ತಿದ್ದಾಳೆ. ಅವಳು ರಾಜಧಾನಿ ಲೀಮಾದ ಹುಡುಗಿ, ಎಲ್ವಿರಾ ಅವರ ಒಬ್ಬಳೇ ಮಗಳು. ಅಮ್ಮ ಹೂಂ ಅಂದರೆ ಮಾತ್ರ ಮದುವೆ. ಅದಕ್ಕೇ ತಾಯಿ ಮಗಳು ವಿಮಾನ ಹತ್ತಿ ಬಂದಿದ್ದಾರೆ.

ಬಂದ ದಿನವೇ ಮಗಳಿಗೆ ಬೆಟ್ಟದ ಗಾಳಿ ಒಗ್ಗದೆ ತಲೆನೋವು. ಹೋಟೆಲಿನಲ್ಲಿ ಕೋಕಾ ಎಲೆಯ ಚಹಾ ಕುಡಿದು ಮಲಗಿಬಿಟ್ಟಳು. (ಅವಳನ್ನು ಮಲಗಿಸಿದ್ದು ನಾನೇ. ಅವಳಿದ್ದರೆ ಇವರಿಬ್ಬರೂ ನಾಟಕ ಆಡುತ್ತಿದ್ದರು.) ಉಳಿದವರು ಅತ್ತೆಯಾಗುವವರು, ಅಳಿಯನಾಗುವವನು. ಊರು ತೋರಿಸುವ ಕೆಲಸ ಅವನ ಕೊರಳಿಗೆ ಬಿತ್ತು.

೩

ಒಂದು ವಿಷಯ ಈಗಲೇ ಹೇಳಿಬಿಡುತ್ತೇನೆ. ಕುಸ್ಕೋದವರನ್ನು ಯಾವ ಜಾಗದ ದೂರ ಕೇಳಿದರೂ ಒಂದೇ ಉತ್ತರ: "ಅಕಿಸಿತೊ ನೊಮಾಸ್." ಇದನ್ನು ಕನ್ನಡಕ್ಕೆ ತರಲು ಮೂರು ಡ್ರಾಫ್ಟ್ ಹರಿದೆ. ಕೊನೆಗೆ ಸಿಕ್ಕಿದ್ದು "ಇಲ್ಲೇ ಐತ್ರೀ." ಅದಕ್ಕಾಗಿ ವಿಲ್ಬರ್‌ನ ಬಾಯಿಗೆ ಪೂರ್ತಿ ಧಾರವಾಡವನ್ನೇ ಹಾಕಿದ್ದೇನೆ. (ಧಾರವಾಡದವರು ಬೈಯಬೇಡಿ, ಪ್ರೀತಿಯಿಂದ ಹಾಕಿದ್ದು.)

೪

"ಎಷ್ಟು ದೂರಪ್ಪಾ ಆ ಸಾನ್ ಬ್ಲಾಸ್ ಕೇರಿ?"

"ಇಲ್ಲೇ ಐತ್ರೀ."

ಗೋಡೆಯಲ್ಲಿ ಹನ್ನೆರಡು ಮೂಲೆಯ ಹೆಸರುವಾಸಿ ಪುರಾತನ ಕಲ್ಲಿರುವ ಓಣಿಗೆ ಬಂದರು. ಎಲ್ವಿರಾ ಸುಸ್ತಾಗಿ ಗೋಡೆಗೆ ಕೈ ಊರಿದರು. ಊರಿದ್ದು ಸರಿಯಾಗಿ ಆ ಕಲ್ಲಿಗೇ. ಕಾವಲಿನವನು ಪೀಪಿ ಊದಿದ.

"ಅಮ್ಮಾವ್ರ, ಮುಟ್ಟಬ್ಯಾಡ್ರಿ!"

"ಮುಟ್ಟಿಲ್ಲ ಕಣಪ್ಪಾ, ಬೀಳ್ತಾ ಇದೀನಿ!"

ಸುತ್ತಲಿನವರೆಲ್ಲ ನಕ್ಕರು. ಎಲ್ವಿರಾ ಅವರಿಗೂ ನಗು ಬಂತು, ಆದರೆ ಹುಡುಗನ ಮುಂದೆ ನಗಬಾರದೆಂದು ಬಿಗಿ ಹಿಡಿದರು. ಮುಂದೆ ಮೆಟ್ಟಿಲು. ಮೆಟ್ಟಿಲ ಆಚೆ ಇನ್ನೊಂದು ಮೆಟ್ಟಿಲ ಸಾಲು.

"ಇನ್ನೂ ಎಷ್ಟು?"

"ಬಂತ್ರೀ, ಇಲ್ಲೇ ಐತಿ."

"ನೀನು ಕಳೆದ ಸಲಾನೂ ಇದನ್ನೇ ಹೇಳ್ದೆ."

"ಆವಾಗಿಗಿಂತ ಈಗ ಇನ್ನೂ ಇಲ್ಲೇ ಐತ್ರೀ."

೫

ಸಾನ್ ಬ್ಲಾಸ್ ಮುಗಿದ ಮೇಲೆ ಗುಡ್ಡದ ತುದಿಯ ಬಿಳಿ ಕ್ರಿಸ್ತನ ಪ್ರತಿಮೆ ತೋರಿಸಲು ಹೊರಟ, ಪುಣ್ಯಾತ್ಮ. ಅರ್ಧ ದಾರಿಗೆ ಎಲ್ವಿರಾ ಒಂದು ಕಲ್ಲಿನ ಮೇಲೆ ಕುಳಿತುಬಿಟ್ಟರು.

ನನ್ನ ಮೊದಲ ಯೋಜನೆಯಲ್ಲಿ ಅವರು ಇಲ್ಲೇ "ಸುಳ್ಳನಿಗೆ ಮಗಳನ್ನ ಕೊಡಲ್ಲ" ಎಂದು ಎದ್ದು ಹೋಗುತ್ತಾರೆ. ಬರೆಯಲು ಕೂತಾಗ ವಿಲ್ಬರ್ ನನ್ನ ಮೇಲೆ ಎಗರಿಬಿದ್ದ.

"ಏನ್ರೀ ಸರ, ನಾ ಎಲ್ಲಿ ಸುಳ್ಳ ಹೇಳೀನಿ? ದೂರ ಐತಿ ಅಂದ್ರ ಅವರ ಕಾಲು ಅಲ್ಲೇ ಕುಂದರ್ತಿದ್ವು. ನಮ್ಮೂರಾಗ ಯಾರಿಗೂ ಯಾರೂ ದೂರ ಅಂತ ಹೇಳಂಗಿಲ್ಲ. ನೀವು ಇಷ್ಟ ವರ್ಷ ಇಲ್ಲಿದ್ದು ಏನ್ ಕಲ್ತ್ರಿ?"

ಆ ಸಾಲು ಹೊಡೆದುಹಾಕಿದೆ. ಅಷ್ಟರಲ್ಲಿ ಎಲ್ವಿರಾ ತಾವೇ ಮಾತು ತೆಗೆದರು. ಇದು ನನ್ನ ಡ್ರಾಫ್ಟಿನಲ್ಲಿ ಇರಲಿಲ್ಲ.

"ವಿಲ್ಬರ್, ಇಲ್ಲಿಂದ ನಮ್ಮ ಮನೆ ಎಷ್ಟು ದೂರ?"

"ಲೀಮಾ ಏನ್ರೀ?"

"ಲೀಮಾನೇ. ನನ್ನ ಮಗಳು ಇಲ್ಲಿರ್ತಾಳೆ, ನಾನು ಅಲ್ಲಿರ್ತೀನಿ. ಎಷ್ಟು ದೂರ ಹೇಳು."

ಅವನ ಬಾಯಿಗೆ ಆ ಮಾತು ತಾನಾಗಿ ಬಂದದ್ದನ್ನು ನಾನು ಕಂಡೆ. ಹೇಳಿಬಿಡೋ ಮಾರಾಯ, ನಗುತ್ತಾರೆ, ಕಥೆ ಮುಗಿಯುತ್ತದೆ ಎಂದು ಕಿವಿಯಲ್ಲಿ ಊದಿದೆ ಕೂಡ. ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದ.

"ದೂರ ಐತ್ರೀ ಅಮ್ಮಾ. ಭಾಳ ದೂರ. ವಿಮಾನದ ರೊಕ್ಕ ನನ್ನ ಕಡೆ ಯಾವಾಗ್ಲೂ ಇರಂಗಿಲ್ಲ, ಬಸ್ಸಿನ್ಯಾಗ ಒಂದ್ ಹಗಲು ಒಂದ್ ರಾತ್ರಿ ಸಾಲಂಗಿಲ್ಲ. ನಿಮಗ ಆರಾಮಿಲ್ಲ ಅಂದ್ರ ಆಕಿ ಅವತ್ತೇ ಬಂದ್ ಮುಟ್ಟಾಕ ಆಗಂಗಿಲ್ಲ."

ಸರ್ವನಾಶ ಅಂದುಕೊಂಡೆ. ಎಲ್ವಿರಾ ಅತ್ತರು. ಕರವಸ್ತ್ರ ಸಿಗದೆ ಶಾಲಿನಲ್ಲೇ ಮೂಗು ಒರೆಸಿಕೊಂಡರು. ಆಮೇಲೆ ಇನ್ನೂ ನೀರಿದ್ದ ಕಣ್ಣಲ್ಲೇ ಅವನನ್ನು ನೋಡಿ, "ನಿನ್ನ ಹತ್ರ ಇಷ್ಟು ಉಸಿರು ಎಲ್ಲಿಂದ ಬರುತ್ತೋ? ನಂಗೂ ಹೇಳಿಕೊಡು" ಅಂದರು.

"ಎದಿಯಿಂದ ಎಳೀಬ್ಯಾಡ್ರಿ, ಹೊಟ್ಟಿಯಿಂದ ಎಳೀರಿ. ನಾಕ್ ಹೆಜ್ಜಿಗೆ ಒಳಗ, ನಾಕ್ ಹೆಜ್ಜಿಗೆ ಹೊರಗ. ಪೋಂ, ಪೋಂ, ಪೋಂ, ಪೋಂ..."

ಬಾಯಲ್ಲೇ ಟ್ಯೂಬಾ ಊದುತ್ತ ಮುಂದೆ ನಡೆದ. ಅವರೂ ಪೋಂ ಪೋಂ ಅನ್ನುತ್ತ ಹಿಂದೆ ಹತ್ತಿದರು. ಎದುರಿಗೆ ಇಳಿದು ಬಂದ ಲಾಮಾ ಒಂದು ಪಕ್ಕಕ್ಕೆ ಸರಿದು ದಾರಿ ಬಿಟ್ಟಿತು. ನನಗೆ ಎಷ್ಟು ಖುಷಿಯಾಯಿತೆಂದರೆ, ಮುಂದಿನ ಎರಡು ಪ್ಯಾರಾ ಬರೆಯುವುದನ್ನೇ ಮರೆತೆ.

೬

ಮುಕ್ತಾಯಗಳು ನನ್ನ ಹತ್ತಿರ ತಯಾರಿದ್ದವು. ಒಂದರಲ್ಲಿ ಮೆರವಣಿಗೆ, ಮದುವಣಗಿತ್ತಿ, ಮದುಮಗನೇ ಟ್ಯೂಬಾ ಊದುವುದು. ಇನ್ನೊಂದರಲ್ಲಿ ಅಮ್ಮ ಮಗಳು ಮುಖ ಊದಿಸಿಕೊಂಡು ವಿಮಾನ ಹತ್ತುವುದು. (ವಿಮರ್ಶಕರಿಗೆ ಎರಡನೆಯದು ಹಿಡಿಸುತ್ತದೆ.)

ಆದರೆ ನಾನು ಆರಿಸುತ್ತ ನಿಂತಾಗ ಎಲ್ವಿರಾ, ವಿಲ್ಬರ್ ಇಬ್ಬರೂ ತಿರುವು ದಾಟಿ ಮೇಲೆ ಹೋಗಿಬಿಟ್ಟಿದ್ದಾರೆ. ಈ ಊರಿನ ಬೆಣ್ಣೆ ರೊಟ್ಟಿ ತಿಂದು ಬೆಳೆಸಿದ ಹೊಟ್ಟೆ ಹೊತ್ತು ಹತ್ತಲಾಗದೆ ನಾನು ಗೋಡೆ ಹಿಡಿದು ನಿಂತಿದ್ದೇನೆ.

"ಸೆನ್ಯೋರಾ, ಏನಂದ್ರಿ ಅವನಿಗೆ? ಹೂಂ ಅಂದ್ರಾ?"

ಮೇಲಿನಿಂದ ಕೈಬೀಸಿ ಸುಮ್ಮನಿರಲು ಹೇಳಿದರು. ಫೋನಿನಲ್ಲಿದ್ದರು. ಹೂಂ ಅಂದರೋ ಇಲ್ಲವೋ, ತಾಯಾಣೆ ನನಗೆ ಗೊತ್ತಿಲ್ಲ, ಗೊತ್ತಿಲ್ಲದ್ದನ್ನು ಬರೆಯುವುದೂ ಇಲ್ಲ. ಗಾಳಿಯಲ್ಲಿ ಕೇಳಿಸಿದ್ದು ಇಷ್ಟೇ:

"ಫಿಯೊರೆಲಾ, ಮಲಗಿದ್ದು ಸಾಕು, ಎದ್ದು ಬಾ... ಹೂಂ, ದೂರಾನೇ ಕಣೇ, ತುಂಬಾ ದೂರ. ಪರವಾಗಿಲ್ಲ, ಬಾ."