ಮೂರನೇ ಮಹಡಿಗೆ ಹಾರ್ನ್

ನನ್ನ ತಮ್ಮ ಲಿಫ್ಟ್ ರಿಪೇರಿ ಮಾಡುವವನು. ಊರಿನ ಅರ್ಧ ಜನರನ್ನು ಮೇಲಕ್ಕೂ ಕೆಳಕ್ಕೂ ಓಡಾಡಿಸುವ ಈ ಮಹಾರಾಯನಿಗೆ ಮೆಟ್ಟಿಲು ಕಂಡರೆ ಮಾತ್ರ ಮೈಯೆಲ್ಲ ಉರಿ. ಲಿಫ್ಟ್ ಇಡದೆ ಮನೆ ಕಟ್ಟಿದವರು ಬೇಕೆಂದೇ ತನಗೆ ಅವಮಾನ ಮಾಡಿದ್ದಾರೆ ಅನ್ನುವ ಹಾಗೆ ಮುಖ ಗಂಟಿಕ್ಕುತ್ತಾನೆ. ಅವನ ಗ್ರಹಚಾರಕ್ಕೆ, ಮಗಳು ಹಗಲೆಲ್ಲ ಇರುವುದು ಅಂಥದ್ದೇ ಕಟ್ಟಡದ ಮೂರನೇ ಮಹಡಿಯಲ್ಲಿ.

ಆ ಕಟ್ಟಡದ ಕೆಳಗೆ ನನ್ನ ಹೊಲಿಗೆ ಅಂಗಡಿ. ಮೂರನೇ ಮಹಡಿಯಲ್ಲಿರುವವರು ನಿವೃತ್ತ ನರ್ಸ್, ಎಲ್ಲರ ಬಾಯಲ್ಲೂ ಸಿಸ್ಟರಮ್ಮ. ತಮ್ಮನ ಹೆಂಡತಿಗೆ ಎಷ್ಟೋ ಕಡೆ ಅಲೆದ ಮೇಲೆ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಸಿಕ್ಕಿದಾಗ, ಮಗು ನೋಡಿಕೊಳ್ಳಲು ಸಿಸ್ಟರಮ್ಮನನ್ನು ಒಪ್ಪಿಸಿದವಳು ನಾನೇ. ಮಗುವಿಗೆ ನಾನಿಟ್ಟ ಹೆಸರು ಚಿನಕುರುಳಿ. ವಯಸ್ಸು ನಾಲ್ಕು, ಮಾತು ನಲವತ್ತರದ್ದು. ಕತ್ತರಿ, ಸೂಜಿ, ಕಾದ ಇಸ್ತ್ರಿಪೆಟ್ಟಿಗೆ ಇರುವ ನನ್ನ ಅಂಗಡಿಯಲ್ಲಿ ಅವಳನ್ನು ಬಿಟ್ಟರೆ ಸಂಜೆಯೊಳಗೆ ಯಾರದೋ ಕೋಟಿನ ತೋಳು ಮಾಯವಾಗಿರುತ್ತದೆ.

ಬೆಳಿಗ್ಗೆ ತಾಯಿಯ ಪಾಳಿ. ಮೆಟ್ಟಿಲ ಬುಡದಲ್ಲಿ ನಿಂತು "ಸಿಸ್ಟರಮ್ಮಾ, ಬಂದ್ಲೂ!" ಎಂದು ಕೂಗಿ, ಮಗುವನ್ನು ಮೇಲಕ್ಕೆ ಅಟ್ಟಿ, ಬಸ್ಸಿಗೆ ಓಡುತ್ತಿದ್ದಳು. ಸಂಜೆ ನನ್ನ ತಮ್ಮನ ಪಾಳಿ. ಸ್ಕೂಟರ್ ನಿಲ್ಲಿಸಿ, ಒಂದು ಕಾಲು ನೆಲಕ್ಕೆ ಕೊಟ್ಟು, ಪೋಂ ಪೋಂ ಅಂತ ಹಾರ್ನ್ ಹೊಡೆಯುತ್ತಿದ್ದ. ಸಿಸ್ಟರಮ್ಮ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದು ಬಂದು ಮಗುವನ್ನು ಸ್ಕೂಟರ್ ಮೇಲೆ ಕೂರಿಸುತ್ತಿದ್ದರು. ಇವನು ಹೆಲ್ಮೆಟ್ಟನ್ನೂ ತೆಗೆಯದೆ ಮಗಳಿಗೆ ಆಜ್ಞೆ ಮಾಡುತ್ತಿದ್ದ: "ಅಜ್ಜಿಗೆ ಥ್ಯಾಂಕ್ಸ್ ಹೇಳು. ಹೇಳೇ! ಇಷ್ಟು ಹೇಳೋಕೂ ಬರಲ್ವಾ ನಿಂಗೆ?" ಅವಳು ಮೂತಿ ಉದ್ದ ಮಾಡಿಕೊಂಡು ಹೇಳುತ್ತಿದ್ದಳು. ಅವನು? ಹೆಲ್ಮೆಟ್ ಒಂದು ಸಲ ಅಲ್ಲಾಡುತ್ತಿತ್ತು. ನಾವು ಅದನ್ನೇ ನಮಸ್ಕಾರ ಎಂದು ತಿಳಿದುಕೊಳ್ಳಬೇಕಿತ್ತು.

ಒಂದು ಮಧ್ಯಾಹ್ನ ಸಿಸ್ಟರಮ್ಮ ತಾವಾಗಿಯೇ ಕೆಳಗಿಳಿದು ಬಂದರು. ಚಿನಕುರುಳಿ ಅವರ ಸೆರಗು ಹಿಡಿದುಕೊಂಡಿತ್ತು.

"ಇವತ್ತು ಒಳಗೆ ಕೆಲಸ ಮಾಡ್ತಿದ್ದೆ," ಅಂದರು. "ಹಾಲ್ ಕಡೆಯಿಂದ ಪೋಂ ಪೋಂ ಅಂತ ಸದ್ದು. ಬಂದು ನೋಡಿದ್ರೆ ನಿಮ್ಮ ಸೊಸೆ ಖಾಲಿ ಲೋಟ ಮುಂದೆ ಹಿಡ್ಕೊಂಡು ನಿಂತಿದಾಳೆ. ಇದೇನು ಕಂದ ಅಂದ್ರೆ, ನೀರು ಬೇಕಂತೆ. 'ಹೀಗೆ ಮಾಡಿದ್ರೆ ತಾನೇ ನೀವು ಬರೋದು' ಅಂದ್ಲು."

ನನಗೆ ನಗು ಒತ್ತರಿಸಿಕೊಂಡು ಬಂತು. ಅವರ ಮುಖ ನೋಡಿ ನುಂಗಿಕೊಂಡೆ.

"ವಾರ್ಡಿನಲ್ಲಿ ಗಂಟೆ ಕೇಳಿದ ಕಡೆಗೆಲ್ಲ ಓಡಿದೀನಿ. ಅವರು ಏಳೋಕಾಗದ ರೋಗಿಗಳು, ಬೇಜಾರಿರಲಿಲ್ಲ. ಹಾರ್ನಿಗೆ ಓಡೋ ವಯಸ್ಸು ನಂದಲ್ಲ. ಈ ತಿಂಗಳು ಮುಗಿಯೋವರೆಗೂ ನೋಡ್ಕೋತೀನಿ, ಆಮೇಲೆ ಬೇರೆ ಯಾರನ್ನಾದ್ರೂ ಹುಡುಕ್ಕೊಳ್ಳೋಕೆ ಹೇಳಿ." ದನಿ ಏರಿಸಲಿಲ್ಲ. ಕೋಪ ಮಾಡಿಕೊಂಡಿದ್ದರೆ ಸಮಾಧಾನ ಮಾಡಬಹುದಿತ್ತು, ಅವರು ನೊಂದುಕೊಂಡಿದ್ದರು.

ಆ ಸಂಜೆ ನಾನು ಹೋಗಿ ವಿಷಯ ತಿಳಿಸಿದ್ದೇ ತಡ, ತಮ್ಮನ ಮನೆಯಲ್ಲಿ ಪಾಠಶಾಲೆ ಶುರುವಾಯಿತು. ಕೋತಿ ತಾನು ತಿಂದು ಮೇಕೆ ಬಾಯಿಗೆ ಒರೆಸಿತಂತೆ; ಇಲ್ಲಿ ಗಂಡ ಹೆಂಡತಿ ಸೇರಿ ನಾಲ್ಕು ವರ್ಷದ ಮೇಕೆಮರಿಯನ್ನು ಸೋಫಾ ಮೇಲೆ ನಿಲ್ಲಿಸಿದ್ದರು. "ಹೇಳು, ಅಜ್ಜಿ, ತಪ್ಪಾಯ್ತು." "ಅಜ್ಜಿ, ತಪ್ಪಾಯ್ತು." "ಕೈ ಮುಗಿದು ಹೇಳು." ಪಾಠದ ನಡುವೆ ಗುರುಗಳಿಗೆ ಬಾಯಾರಿಕೆ. ಮೊಬೈಲಿನಿಂದ ಕಣ್ಣು ತೆಗೆಯದೆ ಕೈ ಚಾಚಿದರು, ಹೆಂಡತಿ ಲೋಟ ಇಟ್ಟಳು, ಕುಡಿದು ಲೋಟವನ್ನು ಗಾಳಿಯಲ್ಲಿ ಹಿಡಿದರು, ಹೆಂಡತಿ ತೆಗೆದುಕೊಂಡಳು. ಒಂದು ಮಾತಿಲ್ಲ ಕತೆಯಿಲ್ಲ. ಶಾಸ್ತ್ರ ಹೇಳೋದಕ್ಕೆ, ಬದನೆಕಾಯಿ ತಿನ್ನೋದಕ್ಕೆ!

ಮರುದಿನ ಬೆಳಿಗ್ಗೆ ಚಿನಕುರುಳಿ ಬಿಸ್ಕತ್ತಿನ ಡಬ್ಬಿ ಹೊತ್ತು ಮೇಲೆ ಹೋಗಿ ಕಲಿಸಿದ್ದನ್ನೆಲ್ಲ ಒಂದೇ ಉಸಿರಿಗೆ ಒಪ್ಪಿಸಿತು. ಸಿಸ್ಟರಮ್ಮ ಅದರ ತಲೆ ಸವರಿ, "ನೀನೇನು ತಪ್ಪು ಮಾಡಿದೀಯ ಬಂಗಾರ?" ಅಂದರಂತೆ. ಡಬ್ಬಿಯನ್ನು ಹಾಗೇ ನನ್ನ ಅಂಗಡಿಗೆ ಕಳಿಸಿದರು.

ತಿಂಗಳು ಕರಗುತ್ತಾ ಬಂತು. ತಮ್ಮನ ಹೆಂಡತಿ ಕಂಡವರನ್ನೆಲ್ಲ ಕೇಳಿದಳು, ಅಷ್ಟು ಚಿಕ್ಕ ಮಗುವನ್ನು ಒಪ್ಪಿಕೊಳ್ಳುವವರು ಸಿಗಲಿಲ್ಲ. ಒಂದು ಸಂಜೆ ನನ್ನ ಅಂಗಡಿಗೆ ಬಂದು ಗೋಡೆಗೆ ಒರಗಿ ನಿಂತಳು. "ನಾಳೆ ಕೆಲಸ ಬಿಡ್ತೀನಂತ ಹೇಳಿಬಿಡ್ತೀನಿ ಅಕ್ಕ. ಇನ್ನೇನು ಮಾಡ್ಲಿ?" ಎಂದವಳ ಕಣ್ಣು ತುಂಬಿಕೊಂಡಿತು. ಅಷ್ಟರಲ್ಲಿ ಹೊರಗೆ ಪೋಂ ಪೋಂ!

ನನ್ನ ಸಿಟ್ಟು ಮೊದಲೇ ಮೂಗಿನ ತುದಿಯಲ್ಲಿರುತ್ತದೆ. ಹೊರಗೆ ಹೋಗಿ ಸ್ಕೂಟರಿನ ಕೀಲಿ ಕಿತ್ತುಕೊಂಡೆ.

"ಇಳಿಯೋ ಕೆಳಗೆ. ಹತ್ತು ಮೇಲಕ್ಕೆ."

"ಅಕ್ಕಾ, ಬೆಳಗಿಂದ ನಿಂತೂ ನಿಂತೂ ಕಾಲು ಬಿದ್ದು ಹೋಗಿದೆ. ತಿಂಗಳು ತಿಂಗಳು ಕೊಡೋದು ಕೊಡ್ತೀವಲ್ಲ..."

"ಬಾಯಿ ಮುಚ್ಚು. ನಿನ್ನ ಕೊಬ್ಬಿಗೆ ಅವಳು ಕೆಲಸ ಬಿಡ್ಬೇಕಾ? ಆ ಬುರುಡೆ ಬೇರೆ ತೆಗಿ ತಲೆ ಮೇಲಿಂದ!"

ಹೆಲ್ಮೆಟ್ ತೆಗೆದ. ಹತ್ತಿದ. ಎಲ್ಲಿ ಅರ್ಧದಲ್ಲಿ ಇಳಿದು ಬಿಡುತ್ತಾನೋ ಎಂದು ಮಂಡಿನೋವಿದ್ದರೂ ಹಿಂದೆಯೇ ನಾನೂ ಹೋದೆ. ಎರಡನೇ ಮಹಡಿಗೇ ಏದುಸಿರು. ಮೂರನೆಯದರಲ್ಲಿ ಬಾಗಿಲ ಚೌಕಟ್ಟು ಹಿಡಿದು ನಿಂತ. ಬಾಗಿಲು ತೆರೆದೇ ಇತ್ತು. ಚಿನಕುರುಳಿ ನೆಲದ ಮೇಲೆ ಕೂತು ಕೈ ಮುಂದೆ ಚಾಚಿತ್ತು, ಸಿಸ್ಟರಮ್ಮ ಕನ್ನಡಕ ಏರಿಸಿಕೊಂಡು ಅದರ ಉಗುರು ಕತ್ತರಿಸುತ್ತಿದ್ದರು.

ತಮ್ಮನ ಕೈಗೆ ಏನೋ ತಗುಲಿತು. ಬಾಗಿಲು ಚೌಕಟ್ಟಿಗೆ ಸೇರುವ ಕಡೆ, ಕೀಲಿನ ಸಂದಿಯುದ್ದಕ್ಕೂ ಹಳೇ ಟವೆಲ್ ಮಡಚಿ ಕಟ್ಟಿತ್ತು. ಅವನು ಬಗ್ಗಿ ನೋಡಿದ. ಆಮೇಲೆ ಒಳಗಿನ ಬಾಗಿಲು ನೋಡಿದ, ಅದಕ್ಕೂ ಇತ್ತು. ಕಪಾಟಿಗೂ ಇತ್ತು, ಅದೂ ನೆಲದಿಂದ ಮಗುವಿನ ಕೈ ಎಟುಕುವಷ್ಟು ಎತ್ತರಕ್ಕೆ. ನನ್ನ ತಮ್ಮ ದಿನವಿಡೀ ಮಾಡುವ ಕೆಲಸದಲ್ಲಿ ಅದೂ ಒಂದು: ಲಿಫ್ಟಿನ ಬಾಗಿಲ ಸಂದಿಯಲ್ಲಿ ಮಕ್ಕಳ ಬೆರಳು ಸಿಕ್ಕಿಕೊಳ್ಳದ ಹಾಗೆ ನೋಡಿಕೊಳ್ಳುವುದು. ಊರಿನ ಮಕ್ಕಳ ಬೆರಳನ್ನೆಲ್ಲ ಇವನು ಕಾಯುತ್ತಿದ್ದಾಗ ಇವನ ಮಗಳ ಬೆರಳನ್ನು ಯಾರು ಕಾಯುತ್ತಿದ್ದಾರೆಂದು ಒಂದು ದಿನವೂ ಯೋಚಿಸಿರಲಿಲ್ಲ.

"ಸಿಸ್ಟರಮ್ಮ," ಅಂದ. ಮಾತು ತಡವರಿಸಿತು. "ನಮ್ಮಿಂದ ತಪ್ಪಾಗಿದೆ. ನೀವು ನನ್ನ ಮಗಳನ್ನ ಇಷ್ಟು ಜೋಪಾನ ಮಾಡ್ತಿದೀರಿ, ನಾನು ಒಂದು ದಿನ ಬಂದು ನಿಮ್ಮ ಮುಖ ನೋಡಿ ಮಾತಾಡ್ಲಿಲ್ಲ. ತುಂಬಾ ಥ್ಯಾಂಕ್ಸ್ ಅಮ್ಮ."

ಸಿಸ್ಟರಮ್ಮ ಏನಾದರೂ ಹೇಳುವ ಮೊದಲೇ ಚಿನಕುರುಳಿ ಗಾಬರಿಯಿಂದ ಅಪ್ಪನ ಮುಖ ನೋಡಿತು.

"ಅಪ್ಪಾ, ನಿಂಗೆ ಯಾರು ಬೈದ್ರು?"

ನಾನು ಮೆಲ್ಲಗೆ ಫ್ಯಾನಿನ ಕಡೆ ನೋಡಿದೆ. ಆದರೆ ಆ ಪ್ರಶ್ನೆ ನನಗೆ ಚುಚ್ಚಿತು. ಪಾಪದ ಮಗು, ಥ್ಯಾಂಕ್ಸ್ ಅನ್ನುವುದನ್ನು ಬೈಸಿಕೊಂಡವರು ಮಾತ್ರ ಹೇಳುವುದು ಅಂದುಕೊಂಡಿತ್ತು. ಬೇರೆ ಥರ ಹೇಳಿದ್ದನ್ನು ಅದು ಎಲ್ಲಿ ಕೇಳಿತ್ತು?

ತಮ್ಮ ಮಂಡಿಯೂರಿ ಮಗಳ ಪಕ್ಕ ಕೂತ. "ಯಾರೂ ಬೈದಿಲ್ಲ ಮಗಳೇ. ಅಜ್ಜಿ ನಿನ್ನ ಬೆರಳಿಗೆ ನೋವಾಗದ ಹಾಗೆ ಬಾಗಿಲಿಗೆಲ್ಲ ಬಟ್ಟೆ ಕಟ್ಟಿದಾರೆ ನೋಡು. ನಂಗೆ ಖುಷಿಯಾಯ್ತು. ಅದಕ್ಕೆ ಹೇಳ್ದೆ."

ಚಿನಕುರುಳಿ ತನ್ನ ಬೆರಳುಗಳನ್ನು ಅಗಲಿಸಿಕೊಂಡು ನೋಡಿತು, ಬಾಗಿಲು ನೋಡಿತು, ಯಾರೂ ಹೇಳಿಕೊಡದೆ ಹೋಗಿ ಸಿಸ್ಟರಮ್ಮನ ಕೆನ್ನೆಗೆ ಕೆನ್ನೆ ಒತ್ತಿತು. ಅವರು ಕನ್ನಡಕ ತೆಗೆದು ಒರೆಸಿಕೊಂಡರು, ಮತ್ತೆ ಹಾಕಿಕೊಂಡರು, ಇನ್ನೊಂದು ಕೈ ಕೊಡು ಎಂದು ಉಗುರಿನ ಕೆಲಸಕ್ಕೆ ಕೂತರು. ಇವನ ಏದುಸಿರು ಇನ್ನೂ ನಿಂತಿರಲಿಲ್ಲ.

"ಸ್ವಲ್ಪ ಕೂತು ಸುಧಾರಿಸ್ಕೊಳ್ಳಿ," ಅಂದರು ಉಗುರಿನಿಂದ ಕಣ್ಣೆತ್ತದೆ. "ಮೊದಮೊದಲು ಹೀಗೇ. ದಿನಾ ಹತ್ತಿದ್ರೆ ಅಭ್ಯಾಸ ಆಗುತ್ತೆ."

ನಾನು ಮಂಡಿನೋವು ಮರೆತು ಮೆಟ್ಟಿಲಿಳಿದೆ. ತಮ್ಮನ ಹೆಂಡತಿ ಅಂಗಡಿ ಬಾಗಿಲಲ್ಲೇ ಕಾಯುತ್ತಿದ್ದಳು. "ದಿನಾ ಹತ್ತಬೇಕಂತೆ ಕಣೇ ಅವನು," ಅಂದೆ. ಅವಳಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಆಮೇಲೆ ಹೊಲಿಗೆ ಮೆಷಿನ್ನಿನ ಸ್ಟೂಲಿನ ಮೇಲೆ ಕುಸಿದು ಕೂತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಸ್ವಲ್ಪ ಹೊತ್ತಿಗೆ ಎದ್ದು, ಬ್ಯಾಗನ್ನು ಅಲ್ಲೇ ಬಿಟ್ಟು, ಅವಳೂ ಮೆಟ್ಟಿಲು ಹತ್ತಿದಳು.