ಹತ್ತು ಆಂಪಿಯರಿನ ಸಂಬಂಧ

ಗಂಡಿನವರು ಮನೆ ಅಳೆಯುವುದು ಮನೆಯ ಸಾಮಾನು ನೋಡಿ ಎಂದು ಪದ್ಮನಾಭನಗರದ ಗುಂಡಣ್ಣನವರು ಬಲವಾಗಿ ನಂಬಿದ್ದರು. ತೊಂಬತ್ತಾರರ ಆ ಭಾನುವಾರ ಬೆಳಿಗ್ಗೆ ಎಲ್ಲವನ್ನೂ ಚಾಲೂ ಮಾಡಿದರು. ಗೀಸರಿನ ಕೆಂಪು ದೀಪ ಹಾಲಿನಿಂದಲೇ ಕಾಣಲೆಂದು ಬಚ್ಚಲ ಬಾಗಿಲು ತೆರೆದಿಟ್ಟರು. ಇಸ್ತ್ರಿಪೆಟ್ಟಿಗೆ ಮೂಲೆಯ ಮೇಜಿನ ಮೇಲೆ ಕಾಯುತ್ತಿತ್ತು. ಹೆಂಡತಿ ಚೂಡಾಮಣಿ ಕರೆಂಟ್ ಒಲೆಯಲ್ಲಿ ಬೋಂಡ ಕರಿಯುತ್ತಿದ್ದರು.

ಹುಡುಗ ರವಿಕುಮಾರ ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಿಕಲ್ ಪಾಠ ಹೇಳುವವನು. ಮಗಳು ಶುಭಾಳಿಗೆ ಮೂವತ್ತು ಹತ್ತಿರ ಬಂದಿತ್ತು. ಈ ಸಂಬಂಧ ತಪ್ಪಬಾರದೆಂದು ಗುಂಡಣ್ಣನವರು ಅವಳಿಗೆ ಮೊದಲೇ ಹೇಳಿದ್ದರು, “ನಿನ್ನ ರಿಪೇರಿ, ಸ್ಕ್ರೂಡ್ರೈವರ್ ವಿಷ್ಯ ಎತ್ಬೇಡಮ್ಮ. ಹಾಡು, ಅಡಿಗೆ, ಅಷ್ಟೇ.”

ಹುಡುಗ ತಾಯಿಯೊಂದಿಗೆ ಬಂದು ಹಾಲಿನಲ್ಲಿ ಕೂತ ಮೇಲೆ ಚೂಡಾಮಣಿ ಚಟ್ನಿಗೆಂದು ಮಿಕ್ಸಿ ಹಾಕಿದರು. ತುಸು ಹೊತ್ತಿಗೆ ಫ್ಯಾನು ನಿಂತಿತು.

“ಗಾಬರಿ ಇಲ್ಲ, ನೀವೇ ಇದೀರಲ್ಲ,” ಎಂದು ಗುಂಡಣ್ಣನವರು ಹುಡುಗನನ್ನು ನೋಡಿ ನಕ್ಕರು.

ರವಿಕುಮಾರ ಕಾಗದ ಕೇಳಿ ಲೆಕ್ಕ ಹಾಕಿದ. “ಎಲ್ಲ ಪ್ಯಾರಲಲ್‌ನಲ್ಲಿವೆ ಸಾರ್. ಒಂದೊಂದೂ ತನ್ನ ಪಾಲಿನ ಕರೆಂಟ್ ಎಳ್ಕೊಳ್ಳುತ್ತೆ. ಸೇರಿದ್ರೆ ಇಪ್ಪತ್ಮೂರು ಆಂಪಿಯರ್. ನಿಮ್ಮ ಫ್ಯೂಸ್ ತಂತಿ ಎಷ್ಟರದು?”

“ಹತ್ತರದು,” ಎಂದಳು ಶುಭಾ. ಗುಂಡಣ್ಣನವರು ಕಣ್ಣು ಬಿಟ್ಟರು.

“ಕರೆಕ್ಟ್. ಅದಕ್ಕೇ ಹೋಯ್ತು,” ಎಂದು ಅವನು ಪೆನ್ನು ಮುಚ್ಚಿದ.

ಎಲ್ಲರೂ ಕಾದರು. ಬೆವರು ಇಳಿಯತೊಡಗಿತು.

“ತಂತಿ ಹಾಕೋ ಮತ್ತೆ,” ಎಂದರು ಅವನ ತಾಯಿ ಅನ್ನಪೂರ್ಣಮ್ಮ.

“ಅಮ್ಮ, ನಾನು ಥಿಯರಿ.”

ಶುಭಾ ಎದ್ದು ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಮೇನ್ ಇಳಿಸಿ, ಪಿಂಗಾಣಿ ಫ್ಯೂಸು ಕಿತ್ತು, ಹೊಸ ತಂತಿಯ ಒಂದೇ ಎಳೆ ಸುತ್ತಿದಳು.

“ಎರಡೆಳೆ ಹಾಕು, ಗಟ್ಟಿಯಾಗಿರ್ಲಿ,” ಎಂದರು ಗುಂಡಣ್ಣನವರು.

“ಆಗ ಇದು ಉಳಿಯುತ್ತೆ, ಗೋಡೆಯೊಳಗಿನ ವೈರು ಸುಡುತ್ತೆ ಅಪ್ಪ. ಮೊದ್ಲು ಆ ಗೀಸರ್ ಆರ್ಸಿ.”

ಫ್ಯಾನು ತಿರುಗಿತು. ಸಂಬಂಧ ತಪ್ಪಿತೆಂದೇ ಗುಂಡಣ್ಣನವರು ಲೆಕ್ಕ ಹಾಕಿದರು. ಗಂಡಿಗೆ ಆಗದ್ದನ್ನು ಹೆಣ್ಣು ಮಾಡಿ ತೋರಿಸಿದ ಮೇಲೆ ಯಾರು ಕೂರುತ್ತಾರೆ? ಅನ್ನಪೂರ್ಣಮ್ಮ ಎದ್ದೇಬಿಟ್ಟರು. ಆದರೆ ಬಾಗಿಲ ಕಡೆ ಹೋಗಲಿಲ್ಲ. ಶುಭಾಳ ಪಕ್ಕ ಬಂದು ನಿಂತರು.

“ಹಾಡೋದೆಲ್ಲ ಇರ್ಲಿ ಬಿಡು. ನಮ್ಮನೆ ಅಡಿಗೆಮನೆ ದೀಪ ಆರು ತಿಂಗಳಿಂದ ಹತ್ತಿಲ್ಲ ಕಣಮ್ಮ. ಇವ್ನು ಅದರ ವೈರಿಂಗ್ ಚಿತ್ರ ಬರೆದು ಗೋಡೆಗೆ ಅಂಟಿಸಿದಾನೆ.”

“ಚಿತ್ರ ಸರಿಯಾಗೇ ಇದೆ,” ಎಂದ ರವಿಕುಮಾರ ಮೆಲ್ಲಗೆ.

ಶುಭಾ ಅವತ್ತು ಮೊದಲ ಸಲ ನಕ್ಕಳು. “ಹಾಗಾದ್ರೆ ಅರ್ಧ ಕೆಲಸ ಆಯ್ತು ಬಿಡಿ.”

“ಮುಂದಿನ ಭಾನುವಾರ ಎಲ್ಲರೂ ನಮ್ಮನೆಗೆ ಬನ್ನಿ,” ಎಂದರು ಅನ್ನಪೂರ್ಣಮ್ಮ. ಗುಂಡಣ್ಣನವರು ಕೈ ಮುಗಿದರು. ಗಂಡಿನ ಮನೆ ನೋಡುವುದಕ್ಕೋ, ದೀಪ ಹಾಕುವುದಕ್ಕೋ ಎಂದು ಕೇಳುವ ಧೈರ್ಯ ಅವರಿಗೆ ಬರಲಿಲ್ಲ.